ಬಣ್ಣ ಕೆರೆದ ಕುರ್ಚಿ

ಆ ಮನೆಗೆ ಪಿತ್ರಾರ್ಜಿತ ಅಂತ ಇದ್ದದ್ದು ಒಂದೇ ಒಂದು ಕುರ್ಚಿ. ಅಪ್ಪನಿಂದ ಬಂದದ್ದಲ್ಲ, ಅವ್ವ ದುಡಿದು ತಂದದ್ದು; ಆದರೆ ಆಸ್ತಿಗೆ ಅವ್ವಂದಿರ ಹೆಸರಿಡುವ ರೂಢಿ ಇನ್ನೂ ಬಂದಿಲ್ಲವಾದ್ದರಿಂದ ಹಾಗೆನ್ನಬೇಕು. ಕೈಗಳಿದ್ದ, ಬೆನ್ನೆತ್ತರದ ಮರದ ಕುರ್ಚಿ. ಹಿಂದಿನ ಒಂದು ಕಾಲು ಅರ್ಧಕ್ಕೆ ಮುರಿದಿತ್ತು, ಅದರ ಕೆಳಗೆ ಇಟ್ಟಿಗೆ. ಬೆತ್ತ ಹರಿದುಹೋದ ಜಾಗಕ್ಕೆ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಬಡಿದಿದ್ದರು. ಮೈತುಂಬ ಹಸಿರು ಬಣ್ಣ. ಯಾವುದೋ ಗೋದಾಮಿನ ಗೇಟಿಗೆ ಬಳಿದು ಡಬ್ಬಿಯ ತಳದಲ್ಲಿ ಮಿಕ್ಕಿದ್ದ ಹಸಿರು ಅದು, ನೋಡಿದರೆ ಕಣ್ಣಿಗೆ ಕಾರ ಬಿದ್ದಹಾಗೆ.

ಬಳಿದವನು ಮಗ. ಪೇಂಟರ್. ಹೆಂಡತಿಯ ಜೊತೆ ಹಿಂದಿನ ಬೀದಿಯಲ್ಲಿ ಸಂಸಾರ. ಅವ್ವ ಇದ್ದದ್ದು ಮಗಳ ಜೊತೆಗೆ. ಮಗಳು ಬಸ್ಸಿನಲ್ಲಿ ಕಂಡಕ್ಟರ್. ಬೀದಿಗೆಲ್ಲ ಕಂಡಕ್ಟರಮ್ಮ, ಅವ್ವನಿಗೆ ಮಾತ್ರ ಗುಬ್ಬಿ. ಐವತ್ತು ಹತ್ತಿರವಾದ, ಗಂಡನನ್ನು ಬಿಟ್ಟು ಬಂದ, ಗಂಟಲಿನಿಂದಲೇ ಬಸ್ಸು ನಿಲ್ಲಿಸಬಲ್ಲ ಆ ಹೆಂಗಸನ್ನು ಗುಬ್ಬಿ ಅನ್ನಲು ಇನ್ಯಾರಿಗೆ ಧೈರ್ಯವಿದ್ದೀತು?

ಕುರ್ಚಿ ಬಂದದ್ದು ದೊಡ್ಡಮನೆಯಿಂದ. ಅಲ್ಲಿ ಅವ್ವ ಮನೆಗೆಲಸಕ್ಕಿದ್ದಳು. ಹರೆಯದಲ್ಲಿ ಹೋದವಳು ಹಲ್ಲು ಬೀಳುವವರೆಗೂ ಅಲ್ಲಿಯೇ ಬಗ್ಗಿದಳು. ಆ ಮನೆಯ ಯಜಮಾನಿಯನ್ನು ಅವ್ವ ಅಮ್ಮಾವ್ರು ಅನ್ನುತ್ತಿದ್ದಳು, ಮನೆಯಲ್ಲೂ, ಕನಸಿನಲ್ಲೂ. ಅಮ್ಮಾವ್ರು ತೀರಿಕೊಂಡರು, ಮಕ್ಕಳು ಮನೆ ಮಾರಿದರು, ಸಾಮಾನು ಹಂಚಿಕೊಂಡರು. ಕೊನೆಗೆ ಯಾರಿಗೂ ಬೇಡವಾದದ್ದು ಅಂಗಳದಲ್ಲಿ ಉಳಿಯಿತು: ಸಾಗಿಸುವಾಗ ಕಾಲು ಮುರಿದ ಅಮ್ಮಾವ್ರ ಕುರ್ಚಿ, ಮತ್ತು ಅವ್ವ. "ಇದನ್ನ ತಗೊಂಡು ಹೋಗು, ನೆನಪಿಗಿರಲಿ," ಅಂದರಂತೆ ಹಿರಿಯ ಮಗ. ನೆನಪಂತೆ! ಸೊಂಟದಲ್ಲಿ, ಮಂಡಿಯಲ್ಲಿ, ಬೆರಳಿನ ಗೆಣ್ಣುಗೆಣ್ಣಿನಲ್ಲಿ ಇದ್ದ ನೆನಪು ಸಾಲದು ಅಂತ.

ತಂದ ಮೇಲೆ ಅವ್ವ ಅದನ್ನು ಗೋಡೆಗೆ ಮುಖ ಮಾಡಿಸಿ ಇಟ್ಟಳು. ಯಾರನ್ನೂ ಕೂರಗೊಡಲಿಲ್ಲ, ತಾನೂ ಕೂರಲಿಲ್ಲ. ಪೇಂಟರ್ ಒಂದು ದಿನ ಹುಮ್ಮಸ್ಸಿನಲ್ಲಿ ಹಸಿರು ಬಳಿದ. ಬಣ್ಣ ಒಣಗಿದ ದಿನವೇ ಅವ್ವ ಸೊಪ್ಪಿನ ಮೊರ ಹಿಡಿದುಕೊಂಡು ಬಂದು ಅದರ ಮೇಲೆ ಕೂತಳು, ಮೊದಲಿಂದಲೂ ಅಲ್ಲೇ ಕೂರುತ್ತಿದ್ದವಳ ಹಾಗೆ. ಆಮೇಲೆ ಅದೇ ಅವಳ ಸಿಂಹಾಸನ. ಬಟ್ಟೆ ಹೊಲಿಯುವುದು, ಕೂದಲು ಬಾಚುವುದು, ದಾರಿಹೋಕರನ್ನು ಕೂಗಿ ಸುದ್ದಿ ಕೇಳುವುದು, ಮಗನನ್ನು ಬೈಯುವುದು, ಎಲ್ಲವೂ ಅಲ್ಲಿಂದಲೇ. ಯಾಕೆ ಹೀಗೆ ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮುದುಕಿ ಕೂತಳಲ್ಲ, ಸಾಕು.

ಅವ್ವನಿಗೆ ಮರೆವು ಹತ್ತಿದ್ದು ಆಮೇಲೆ. ತಿಂದದ್ದು ಮರೆಯುತ್ತಿತ್ತು, ಒಲೆ ಹಚ್ಚಿದ್ದು ಮರೆಯುತ್ತಿತ್ತು, ಮಕ್ಕಳನ್ನು ಮಾತ್ರ ಮರೆತಿರಲಿಲ್ಲ. ಒಂದು ಬೆಳಿಗ್ಗೆ ಕುರ್ಚಿಯ ಇಟ್ಟಿಗೆ ಜಾರಿತು, ಅವ್ವ ಬಿದ್ದಳು, ಮಣಿಕಟ್ಟು ಉಳುಕಿತು.

"ಇನ್ನೊಂದು ಸಲ ಬಿದ್ದರೆ ಎದ್ದೇಳ್ತಾರೆ ಅನ್ನೋ ಭರವಸೆ ಕೊಡಲ್ಲ ನಾನು," ಅಂದರು ಡಾಕ್ಟರು. "ನೆಲದ ಮೇಲೆ ಕೂರಿಸ್ಲೇಬೇಡಿ. ಮಂಡಿ ಪೂರ್ತಿ ಸವೆದಿದೆ. ಗಟ್ಟಿಯಾಗಿರೋ, ಕೈ ಇರೋ ಕುರ್ಚೀಲಿ ಕೂರಿಸಿ."

ಕಂಡಕ್ಟರಮ್ಮ ಪ್ಲಾಸ್ಟಿಕ್ ಕುರ್ಚಿ ತಂದಳು. ಅವ್ವ ಅದರ ಮೇಲೆ ಒದ್ದೆ ಬಟ್ಟೆ ಹರವಿದಳು.

"ಕೂತ್ಕೊಳೋಕೆ ತಂದದ್ದು ಕಣವ್ವ."

"ಇದರ ಮೇಲಾ? ಇದು ಕುರ್ಚಿಯೇನೇ ಗುಬ್ಬಿ? ಕಾಲು ಬಂದಿರೋ ಬಕೆಟ್ಟು. ನನ್ನ ಹಸಿರು ಕುರ್ಚಿ ಸರಿ ಮಾಡ್ಸು."

ಅಲ್ಲಿಂದ ಶುರುವಾಯಿತು.

ಕಂಡಕ್ಟರಮ್ಮನಿಗೆ ಮರಗೆಲಸದ ಗಂಧಗಾಳಿ ಇರಲಿಲ್ಲ. ಟಿಕೆಟ್ಟು ಹರಿದ ಕೈ. ಆದರೂ ಬಡಗಿಗೆ ಕೊಡಲು ಮನಸ್ಸು ಬರಲಿಲ್ಲ. ಸಂಜೆಯ ಪಾಳಿ ಹಾಕಿಸಿಕೊಂಡು ಬೆಳಗಿನ ಹೊತ್ತು ಹಿತ್ತಲಲ್ಲಿ ಗೋಣಿಚೀಲ ಹಾಸಿ ಕುರ್ಚಿಯನ್ನು ಮಲಗಿಸಿದಳು. ಮೊಬೈಲಿನಲ್ಲಿ ಯಾರೋ ಗಡ್ಡದವನು ಹಳೆಯ ಮೇಜು ಕುರ್ಚಿ ಸರಿಮಾಡುವ ವಿಡಿಯೊ ನೋಡಿ, ಹಾರ್ಡ್‌ವೇರ್ ಅಂಗಡಿಗೆ ಹೋದಳು.

ಅಂಗಡಿಯವನು ಬಾಯಿಬಡುಕ. "ಏನ್ ಕಂಡಕ್ಟರಮ್ಮ, ಬಸ್ಸು ಬಿಟ್ಟು ಬಡಗಿ ಕೆಲಸಾನಾ?"

"ನಿಮ್ಮಂಥವರಿಗೆ ಚಿಲ್ಲರೆ ಕೊಟ್ಟು ಕೊಟ್ಟು ಸಾಕಾಯ್ತು. ಕಾಲು ಮುರಿದಿದೆ, ಏನು ಬೇಕೋ ಕೊಡಿ."

"ನಿಮ್ಮದಾ, ಕುರ್ಚಿದಾ?"

"ನೀವು ಹಿಂಗೇ ಮಾತಾಡ್ತಿದ್ರೆ ನಿಮ್ಮದೇ ಮುರಿಯತ್ತೆ."

ಅವನು ನಗುತ್ತ ಬಿಳಿ ಗೋಂದು ಕೊಟ್ಟ, ದಪ್ಪದ ಮತ್ತು ನಯದ ಉಪ್ಪುಕಾಗದ ಕೊಟ್ಟ, ಬಣ್ಣ ಎಬ್ಬಿಸುವ ಔಷಧಿಯ ಡಬ್ಬಿ ತೋರಿಸಿ, "ಇದು ಬೇಕಾಗಲ್ಲ ಬಿಡಿ. ಕಾಲು ಕೂರಿಸಿ, ಸುಮ್ನೆ ಬಿಟ್ಬಿಡಿ," ಅಂದ.

ಬಿಟ್ಟುಬಿಡಬಹುದಿತ್ತು. ಹೊಸ ಮರದ ತುಂಡನ್ನು ಕೂರಿಸಿ, ಒಳಗೆ ಗೂಟ ಹೊಡೆದು, ಗೋಂದು ಹಾಕಿ, ಹಳೆಯ ಸೈಕಲ್ ಟ್ಯೂಬಿನಿಂದ ಬಿಗಿಯಾಗಿ ಸುತ್ತಿ ಒಣಗಲು ಬಿಟ್ಟಿದ್ದಳು. ಮೊದಲ ಸಲ ಡೊಂಕಾಯಿತು, ಬಿಚ್ಚಿ ಮತ್ತೆ ಕೂರಿಸಿದಳು. ಎರಡನೆಯ ಸಲ ನೆಟ್ಟಗೆ ನಿಂತಿತು. ಅವ್ವನಿಗೆ ಬೇಕಾದದ್ದು ಅಷ್ಟೇ ಆಗಿತ್ತು. ಆದರೆ ಜೋಡಿಸಿದ ಕಡೆ ಬಣ್ಣ ಎದ್ದಿತ್ತು; ಅದರಡಿಯಿಂದ ಬೆರಳಗಲ ಕಪ್ಪುಕೆಂಪು ಮರ ಇಣುಕಿತು. ಕಂಡಕ್ಟರಮ್ಮ ಉಗುರಿನಿಂದ ಕೆರೆದಳು. ಮತ್ತಷ್ಟು ಕಂಡಿತು. ಮತ್ತೆ ಅಂಗಡಿಗೆ ಓಡಿದಳು, ಆ ಡಬ್ಬಿ ತಂದಳು.

ಔಷಧಿ ಬಳಿದಲ್ಲೆಲ್ಲ ಹಸಿರು ಬಣ್ಣ ಸುಟ್ಟ ಚರ್ಮದ ಹಾಗೆ ಬೊಬ್ಬೆಯೆದ್ದು ಸುರುಟಿತು. ತಗಡಿನ ಪಟ್ಟಿಯಿಂದ ಕೆರೆದರೆ ಸಿಪ್ಪೆ ಸಿಪ್ಪೆಯಾಗಿ ಬಂತು. ಬೆನ್ನಿನ ಹಲಗೆಯಲ್ಲಿ ಬಳ್ಳಿ, ಬಳ್ಳಿಯ ತುದಿಯಲ್ಲಿ ಮೊಗ್ಗು, ಕೈಗಳ ಕೊನೆಯಲ್ಲಿ ಸುರುಳಿ, ಒಂದೊಂದಾಗಿ ಹೊರಬಂದವು. ಬೀಟೆಮರ. ಮುಟ್ಟಿದರೆ ತಣ್ಣಗೆ. ದೊಡ್ಡಮನೆಯ ಒಳಗನ್ನು ಕಂಡಕ್ಟರಮ್ಮ ಎಂದೂ ನೋಡಿದವಳಲ್ಲ. ಹೀಗೆ ಒಂದು ಕುರ್ಚಿಯ ರೂಪದಲ್ಲಿ ಅದು ಅವಳ ಹಿತ್ತಲಿನಲ್ಲಿ ಮೈಬಿಚ್ಚಿಕೊಂಡು ನಿಂತಿತು.

ಅವಳಿಗೆ ಒಂದು ಹಟ ಹುಟ್ಟಿದ್ದು ಆಗ. ಕೂರುವುದೆಂದರೆ ಏನು ಅಂತ ಅವಳಿಗೆ ಗೊತ್ತಿತ್ತು. ದಿನವಿಡೀ ನಿಂತುಕೊಂಡು, ಕೂತವರಿಗೆ ಟಿಕೆಟ್ಟು ಕೊಡುವ ಕೆಲಸ. ಕಂಡಕ್ಟರ್ ಸೀಟು ಅಂತ ಬರೆದಿರುವ ಸೀಟಿನ ಮೇಲೆ ಯಾವಾಗಲೂ ಯಾರದೋ ಚೀಲ. ಸಂಘದ ಸಭೆಯಲ್ಲಿ ಆ ಸೀಟಿಗಾಗಿ ಮೇಜು ಗುದ್ದಿ ಮಾತಾಡಿದವಳು. ಅವ್ವನಂತೂ ಆ ಮನೆಯಲ್ಲಿ ಕೂತದ್ದೆಂದರೆ ನೆಲ ಒರೆಸುವಾಗ, ಕಾಲು ಒತ್ತುವಾಗ. ಅಂಥವಳು ಒಡೆದ, ಬಳಿದ, ಇಟ್ಟಿಗೆಗೆ ಒರಗಿದ ಕುರ್ಚಿಯಲ್ಲೇ ಯಾಕೆ ಕೂತು ಸಾಯಬೇಕು? ಆ ಅಮ್ಮಾವ್ರು ಹೇಗೆ ಕೂತಿದ್ದಳೋ ಹಾಗೆಯೇ, ಅದೇ ಬೆತ್ತದ ಮೇಲೆ, ಅದೇ ಹೊಳಪಿನ ಕೈಗಳ ಮೇಲೆ ಕೈಯಿಟ್ಟು, ಬೆನ್ನು ನೆಟ್ಟಗೆ ಮಾಡಿ ನನ್ನವ್ವ ಕೂರಬೇಕು. ಒಂದೇ ಸಲ ಕೂತರೂ ಸಾಕು. ನಾನು ಅದನ್ನು ನೋಡಬೇಕು. ಸಾಲವಲ್ಲ ಇದು, ಹಕ್ಕು.

ಪೇಂಟರ್ ಬಂದವನು ಗೋಣಿಚೀಲದ ಮೇಲಿನ ಹಸಿರು ಸಿಪ್ಪೆಯ ರಾಶಿ ನೋಡಿ ಬಾಯಿಗೆ ಕೈಯಿಟ್ಟುಕೊಂಡ.

"ನನ್ನ ಬಣ್ಣ ಕೆರೆದು ಹಾಕಿದ್ಯಲ್ಲೇ ಅಕ್ಕ! ಎಂಥಾ ಬಣ್ಣ ಗೊತ್ತಾ ಅದು? ಆ ಗೋದಾಮಿಗೆ ಬೆಂಕಿ ಬಿದ್ರೂ ಗೇಟು ಹಂಗೇ ನಿಂತಿದೆ."

"ಗೇಟಿಗೆ ಬಳಿಯೋದನ್ನ ತಂದು ಬೀಟೆಮರಕ್ಕೆ ಬಳಿದಿದ್ಯಲ್ಲ, ನಿನ್ನ ತಲೆಗಿಷ್ಟು."

"ಅವ್ವ ಕೂತಿದ್ಲಲ್ಲ ಅದರ ಮೇಲೆ."

"ಇನ್ನು ಮೇಲೆ ಚೆನ್ನಾಗಿ ಕೂರ್ತಾಳೆ."

"ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡ್ಬೇಡ, ಅಷ್ಟೇ ನಾನು ಹೇಳೋದು," ಅಂದು ಅವನು ತಟ್ಟೆಯಲ್ಲಿದ್ದದ್ದನ್ನು ತಿಂದು ಹೋದ. ಅವನ ಮಾತನ್ನು ಯಾರೂ ಎಂದೂ ಲೆಕ್ಕಕ್ಕಿಟ್ಟವರಲ್ಲ. ಅವಳೂ ಇಡಲಿಲ್ಲ.

ಅಂಗಡಿಯವನು ವಾರ್ನಿಷ್ ಹಚ್ಚಿ ಅಂದಿದ್ದ. ಆದರೆ ಅವಳಿಗೆ ಬೇಕಾದದ್ದು ಅಂದಿನ ಹೊಳಪು. ಹಾಗಾಗಿ ಒಂದು ಬೆಳಿಗ್ಗೆ, ಹಿತ್ತಲ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದ ಅವ್ವನನ್ನೇ ಕೇಳಿದಳು:

"ಅವ್ವಾ, ದೊಡ್ಡಮನೇಲಿ ಇದಕ್ಕೆ ಏನು ಹಚ್ತಿದ್ದೆ ನೀನು?"

ಬೆಳಗಿನ ತಿಂಡಿ ಏನೆಂದು ಕೇಳಿದರೆ ಕಣ್ಣು ಕಣ್ಣು ಬಿಡುತ್ತಿದ್ದ ಅವ್ವ, ತಡವರಿಸದೆ ಹೇಳಿದಳು: "ಅಗಸೆಎಣ್ಣೆ. ಟರ್ಪೆಂಟೈನು. ಜೇನುಮೇಣ ತುರಿದು, ಬಿಸಿನೀರಿನ ಪಾತ್ರೆ ಒಳಗಿಟ್ಟು ಕರಗಿಸ್ಬೇಕು. ಒಲೆ ಮೇಲೆ ನೇರ ಇಟ್ರೆ ಹೊತ್ತ್ಕೊಳ್ಳತ್ತೆ. ಹಳೇ ಬನಿಯನ್ ಬಟ್ಟೆ. ಒತ್ತಿ ಉಜ್ಜಬಾರದು, ಮಗೂಗೆ ಎಣ್ಣೆ ಹಚ್ಚೋ ಹಂಗೆ ಹಚ್ಬೇಕು."

ಕಂಡಕ್ಟರಮ್ಮನ ಕಣ್ಣು ತುಂಬಿದವು. ಮಾತ್ರೆಗಳಿಂದ ಆಗದ್ದು ಮರದಿಂದ ಆಗುತ್ತಿದೆ ಅಂದುಕೊಂಡಳು. ಕುರ್ಚಿಯ ಜೊತೆಗೆ ಅವ್ವನೂ ರಿಪೇರಿಯಾಗುತ್ತಿದ್ದಾಳೆ!

ಆಮೇಲಿನ ದಿನಗಳು ಸುಖದ ದಿನಗಳು. ಮಗಳು ಬೆತ್ತ ನೆನೆಹಾಕಿ, ತೂತಿನಿಂದ ತೂತಿಗೆ ಎಳೆದು, ಅಡ್ಡ ಉದ್ದ ಓರೆ ಹೆಣೆದು, ತಪ್ಪಿ, ಬಿಚ್ಚಿ, ಬೆರಳು ಕೊಯ್ದುಕೊಂಡು ಬೈಯುತ್ತಿದ್ದಳು. ಒಂದು ಸಲ ಮರದ ನಾರಿಗೆ ಅಡ್ಡವಾಗಿ ಉಪ್ಪುಕಾಗದ ಉಜ್ಜಿ ಕುರ್ಚಿಯ ಎಡಗೈಯ ಮೇಲೆ ಬೆಕ್ಕು ಪರಚಿದಂಥ ಗೀರು ಮಾಡಿಟ್ಟಳು. ಅವ್ವ "ಹಂಗಲ್ಲ, ಹಿಂಗೆ" ಅಂತ ಬಟ್ಟೆ ಕಸಿದುಕೊಂಡು ತಾನೇ ಉಜ್ಜಿದಳು. ಉಳುಕಿದ ಮಣಿಕಟ್ಟಿನಲ್ಲೂ ಎಂಥ ಲಯ! ಬಳ್ಳಿಯ ಸಂದಿಗೆ ಬೆಂಕಿಕಡ್ಡಿಗೆ ಬಟ್ಟೆ ಸುತ್ತಿ ಹಾಕುತ್ತಿದ್ದಳು. ಹಿತ್ತಲ ತುಂಬ ಎಣ್ಣೆಯ, ಮೇಣದ ವಾಸನೆ. ಅವ್ವ ಮಾತಾಡುತ್ತಿದ್ದಳು, ವರ್ಷಗಳಿಂದ ಆಡದಷ್ಟು ಮಾತು. ಅಮ್ಮಾವ್ರಿಗೆ ಹಾಲು ಉಗುರುಬೆಚ್ಚಗಿರಬೇಕು. ಅಮ್ಮಾವ್ರ ಕಿಟಕಿ ಪರದೆ ಬಿಸಿಲು ಬರುವ ಮೊದಲು ಎಳೆಯಬೇಕು. ಅಮ್ಮಾವ್ರಿಗೆ ಚಮಚ ತಾಕಿದ ಸದ್ದು ಆಗಲ್ಲ.

"ಇನ್ನೇನು ಆಗ್ತಿರಲಿಲ್ಲ ಆ ಮಹಾತಾಯಿಗೆ?" ಅಂತ ಮಗಳು ಚುಚ್ಚಿದರೆ, "ಹಂಗನ್ಬೇಡ, ಕೇಳಿಸ್ಕೋತಾರೆ," ಅನ್ನುತ್ತಿದ್ದಳು. ಮಗಳು ಗಹಗಹಿಸಿ ನಗುತ್ತಿದ್ದಳು. ಅದನ್ನು ತಮಾಷೆ ಅಂದುಕೊಂಡಳು.

ಅವ್ವ ಬೆಳಕು ಹರಿಯುವ ಮೊದಲೇ ಏಳತೊಡಗಿದಳು. ನೆಲ ಒರೆಸತೊಡಗಿದಳು. "ಮಂಡಿ ಅವ್ವಾ!" ಅಂತ ಮಗಳು ಕೂಗಿದರೆ ಎದ್ದು ನಿಂತು ಕೈಕಟ್ಟಿಕೊಳ್ಳುತ್ತಿದ್ದಳು. ಗುಬ್ಬಿ ಅನ್ನುವುದು ಕಡಿಮೆಯಾಗಿತ್ತು. ಹುರುಪು ಬಂದಿದೆ, ಅದಕ್ಕೇ ಹೀಗೆ, ಅಂದುಕೊಂಡಳು ಮಗಳು. ನೋಡಬೇಕಾದ್ದನ್ನು ನೋಡದೆ ಇರುವುದಕ್ಕೆ ಸಂತೋಷದಷ್ಟು ದಪ್ಪನೆಯ ಪರದೆ ಬೇರೆ ಇಲ್ಲ.

ಕುರ್ಚಿ ಮುಗಿಯಿತು. ರಜೆಯ ದಿನ ತಮ್ಮನನ್ನೂ ಕರೆದಳು. ಇಬ್ಬರೂ ಸೇರಿ ಅದನ್ನು ಮುಂದಿನ ಕೋಣೆಗೆ ತಂದಿಟ್ಟರು. ಪೇಂಟರ್ ಕೂಡ ಸಿಳ್ಳೆ ಹೊಡೆದ. ಆ ಕೋಣೆಯ ಉಳಿದದ್ದೆಲ್ಲ, ಸಿಮೆಂಟು ಎದ್ದ ನೆಲ, ಗೋಡೆಯ ಮೊಳೆಗೆ ನೇತಾಡುವ ಯೂನಿಫಾರಂ, ಮಡಚಿಟ್ಟ ಹಾಸಿಗೆ, ಎಲ್ಲವೂ ಅದರ ಮುಂದೆ ಅಪ್ಪಣೆಗೆ ಕಾದವರ ಹಾಗೆ ಕುಗ್ಗಿ ನಿಂತವು.

"ಅವ್ವಾ, ಬಾ. ಕೂತ್ಕೋ."

ಅವ್ವ ಬಾಗಿಲಲ್ಲೇ ನಿಂತಳು. ಒದ್ದೆ ಕೈಯನ್ನು ಉಟ್ಟ ಬಟ್ಟೆಗೆ ಒರೆಸಿಕೊಂಡಳು. "ಒರೆಸಿದ್ದೀನಿ," ಅಂದಳು.

"ಗೊತ್ತು. ಬಾ, ಕೂತ್ಕೋ."

"ಯಾರು?"

"ನೀನೇ. ನಿನಗೇ ಅಂತ ಮಾಡಿದ್ದು."

ಅವ್ವ ನಕ್ಕಳು. ದೊಡ್ಡವರು ಚೇಷ್ಟೆಗೆ ಏನೋ ಅಂದಾಗ ಕೆಲಸದವರು ನಗಲೇಬೇಕಾದ ನಗು. ಕಂಡಕ್ಟರಮ್ಮನಿಗೆ ಆ ನಗು ಗೊತ್ತಿತ್ತು. ಡಿಪೋ ಮ್ಯಾನೇಜರನ ಮುಂದೆ ಅವಳೂ ನಕ್ಕಿದ್ದಳು. ತಮ್ಮ ಅವ್ವನ ಮೊಣಕೈ ಹಿಡಿದು ಮೆಲ್ಲಗೆ ಮುಂದೆ ತಂದ. ಕುರ್ಚಿಯ ಹತ್ತಿರ ಬರುತ್ತಲೇ ಮುದುಕಿಯ ಮೈ ಕೊರಡಿನ ಹಾಗೆ ಸೆಟೆಯಿತು.

"ಬೇಡಪ್ಪಾ, ಬೇಡ. ಕೆಲಸ ಹೋಗತ್ತೆ."

"ಯಾವ ಕೆಲಸ ಅವ್ವಾ? ನಿನ್ನ ಮನೆ ಇದು!"

"ದಮ್ಮಯ್ಯ, ಕೆಲಸ ಹೋಗತ್ತೆ ನಂದು."

ಏನೂ ತೋಚದೆ, ಹೀಗೆ ಕೂರಬೇಕು ನೋಡು ಅಂತ ತೋರಿಸಲು ಮಗಳು ತಾನೇ ಕುರ್ಚಿಯಲ್ಲಿ ಕೂತಳು. ಕೂತಕೂಡಲೇ ಅವ್ವನ ಮುಖದಿಂದ ಭಯ ಇಳಿದುಹೋಯಿತು. ಎಲ್ಲವೂ ಇರಬೇಕಾದಲ್ಲಿಗೆ ಬಂತು ಅನ್ನುವಂಥ ನೆಮ್ಮದಿ. ಸವೆದ ಮಂಡಿಗಳನ್ನು ಮಡಚಿ, ಕುರ್ಚಿಯ ಮುಂದೆ ನೆಲದ ಮೇಲೆ ಕುಕ್ಕರಿಸಿ, ಮಗಳ ಬಲಗಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಇವತ್ತು ಬಹಳ ಊದಿದೆಯಲ್ಲ ಅಮ್ಮಾವ್ರೇ? ಎಲ್ಲಿ ಓಡಾಡಿದ್ರಿ?"

ಪೇಂಟರ್ ಕಿರುಚಿದ: "ಅವ್ವಾ! ಅಕ್ಕ ಕಣೇ ಅದು!"

ಅವ್ವ ತುಟಿಯ ಮೇಲೆ ಬೆರಳಿಟ್ಟಳು. ಅವನ ಬಣ್ಣದ ಕಲೆಯ ಪ್ಯಾಂಟನ್ನು ನೋಡಿದಳು. "ಪೇಂಟಿನವನಾ ನೀನು? ಇಲ್ಲೆಲ್ಲ ಬರಬಾರದಪ್ಪ. ಹಿಂದಿನ ಬಾಗಿಲಿಂದ ಬಾ," ಅಂದು, ಮತ್ತೆ ಕಾಲಿನ ಕಡೆ ಬಗ್ಗಿದಳು. ಹೆಬ್ಬೆರಳು ಪಾದದ ನಡುವೆ ಒತ್ತಿ ಒತ್ತಿ ಸಾಗಿತು. ಒಂದಿಡೀ ಜನ್ಮ ನಿಂತು ನಿಂತು ಕಲ್ಲಾಗಿದ್ದ ಪಾದ ಅದು. ಆ ಒತ್ತು ಬಿದ್ದಲ್ಲಿ ನೋವು ಕರಗಿತು. ಅದೇ ಮಗಳಿಗೆ ತಡೆಯಲಾಗಲಿಲ್ಲ. ಇಂಥ ಕೈ ಇತ್ತು ಅವ್ವನಿಗೆ, ಮತ್ತು ಅದು ಮನೆಗೆ ಬರುವ ಹೊತ್ತಿಗೆ ಯಾವಾಗಲೂ ದಣಿದಿರುತ್ತಿತ್ತು.

"ಅಮ್ಮಾವ್ರೇ, ಒಂದು ಮಾತು," ಅಂದಳು ಅವ್ವ, ತಲೆಯೆತ್ತದೆ. "ಮಗು ಹಿಂದಿನ ಮೆಟ್ಟಿಲ ಮೇಲೆ ಕೂತಿದೆ. ಜ್ವರ. ನೋಡ್ಕೊಳೋಕೆ ಯಾರೂ ಇಲ್ಲ ಅಂತ ಕರ್ಕೊಂಡು ಬಂದೆ. ಒಳಗೆ ಬರಲ್ಲ. ಅಳೋದೂ ಇಲ್ಲ, ಹೇಳಿದೀನಿ. ತಪ್ಪು ತಿಳ್ಕೋಬೇಡಿ."

ಕಂಡಕ್ಟರಮ್ಮ ಕಾಲು ಎಳೆದುಕೊಂಡಳು. ಅವ್ವ ಹೆದರಿ, ಎರಡೂ ಕೈ ಜೋಡಿಸಿ, "ತಪ್ಪಾಯ್ತು" ಅಂದಳು.

ಆ ದಿನದಿಂದ ಎದುರಿಗಿದ್ದ ಮಗಳನ್ನು ಅವ್ವ ಮತ್ತೆ ಗುಬ್ಬಿ ಅನ್ನಲಿಲ್ಲ.

ಕುರ್ಚಿಯನ್ನು ತಮ್ಮನ ಮನೆಗೆ ಸಾಗಿಸಿ ನೋಡಿದರು. ಅವ್ವ ಊಟ ಬಿಟ್ಟು ಮೂಲೆ ಮೂಲೆ ಹುಡುಕಿದಳು. "ಕುರ್ಚಿ ಕಾಣಿಸ್ತಿಲ್ಲ, ನನ್ನ ತಲೆಗೆ ಕಟ್ತಾರೆ, ಪೊಲೀಸರನ್ನ ಕರೀತಾರೆ," ಅಂತ ಎದೆ ಬಡಿದುಕೊಂಡಳು. ತಂದಿಟ್ಟಮೇಲೆಯೇ ಅಳು ನಿಂತದ್ದು. ಪೇಂಟರ್ ಅದೇ ಹಸಿರು ಬಣ್ಣವನ್ನು ಎಲ್ಲಿಂದಲೋ ಹುಡುಕಿ ತಂದ. ಬ್ರಷ್ಷು ಅದ್ದುವಷ್ಟರಲ್ಲಿ ಮುದುಕಿ ಪೊರಕೆ ಹಿಡಿದು ಬಂದು, "ಅಮ್ಮಾವ್ರ ಕುರ್ಚಿಗೆ ಕೈ ಹಚ್ತೀಯಾ, ಕಳ್ಳ ನನ್ಮಗನೇ," ಅಂತ ಬೆನ್ನಿಗೆ ನಾಲ್ಕು ಬಿಗಿದಳು. ಅವನು ಹೊರಗೆ ಚರಂಡಿಯ ಕಟ್ಟೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ.

"ಹೊಡೆದದ್ದಕ್ಕಲ್ಲ ಅಕ್ಕ. ಚಿಕ್ಕವನಿದ್ದಾಗ ಇದಕ್ಕಿಂತ ಜೋರಾಗಿ ಹೊಡೀತಿದ್ಲು. ಆದರೆ ಹೊಡೆದ ಮೇಲೆ ಅವಳೇ ಬಂದು ಬೆನ್ನು ಸವರ್ತಿದ್ಲು."

ಅವನು ಬೈದಿದ್ದರೆ ಅಕ್ಕನಿಗೆ ವಾಸಿಯಾಗಿತ್ತು. ಆ ಬಾಯಾಳಿ ಒಂದೇ ಒಂದು ಮಾತು ಎತ್ತಿ ಆಡಲಿಲ್ಲ.

ಡಾಕ್ಟರು, "ಎದುರು ಮಾತಾಡ್ಬೇಡಿ. ಅವರು ಯಾವ ಕಾಲದಲ್ಲಿ ಇದ್ದಾರೋ ನೀವೂ ಅಲ್ಲಿಗೇ ಹೋಗಿ," ಅಂದರು.

"ಅಲ್ಲಿ ನನಗೆ ಉಳಿದಿರೋದು ಒಂದೇ ಜಾಗ ಡಾಕ್ಟ್ರೇ," ಅಂದಳು ಕಂಡಕ್ಟರಮ್ಮ.

ಆ ಜಾಗದಲ್ಲೇ ಅವಳು ಕೂರಬೇಕಾಯಿತು. ಅಮ್ಮಾವ್ರ ಊಟವಾಗದೆ ಅವ್ವ ಉಣ್ಣುವುದಿಲ್ಲ. "ಬಾರವ್ವ, ಎರಡು ತುತ್ತು ತಿನ್ನವ್ವ," ಅಂತ ಕಾಲು ಹಿಡಿದರೂ, "ಆಮೇಲೆ, ಕೆಲಸ ಇದೆ," ಅಂತ ಜಾರಿಕೊಳ್ಳುತ್ತಾಳೆ. ಒಂದು ಸಂಜೆ ಸಾಕುಸಾಕಾಗಿ, ಕುರ್ಚಿಯಲ್ಲಿ ಕುಸಿದು, "ಏಯ್! ಎಷ್ಟು ಸಲ ಹೇಳ್ಬೇಕು ನಿನಗೆ? ಹೋಗಿ ಊಟ ಮಾಡು!" ಅಂದಳು. ಅವ್ವ ತಟ್ಟನೆ ಹೋಗಿ ಉಂಡಳು. ಮಾತ್ರೆ ನುಂಗಿಸುವುದೂ ಹಾಗೆಯೇ, ಮಂಚದ ಮೇಲೆ ಮಲಗಿಸುವುದೂ ಹಾಗೆಯೇ. ಯಾವ ದನಿಯ ವಿರುದ್ಧ ಬದುಕೆಲ್ಲ ಗಂಟಲು ಹರಿದುಕೊಂಡಳೋ ಆ ದನಿಯನ್ನು ದಿನಾ ತನ್ನ ಗಂಟಲಿನಿಂದ ಹೊರಡಿಸಬೇಕು, ಇಲ್ಲವಾದರೆ ಹೆತ್ತವಳು ಉಪವಾಸ. ಅದು ಅವಳಿಗೆ ಸಲೀಸಾಗಿ ಬರತೊಡಗಿತು, ಎಷ್ಟು ಸಲೀಸಾಗಿ ಅಂದರೆ ಪಕ್ಕದ ಮನೆಯಾಕೆ ಒಂದು ದಿನ ಬಾಗಿಲಲ್ಲಿ ನಿಂತು, "ಏನ್ರೀ ಕಂಡಕ್ಟರಮ್ಮ, ಹೆತ್ತ ತಾಯಿನ ಹಂಗಾ ಮಾತಾಡ್ಸೋದು?" ಅಂತ ಮುಖಕ್ಕೆ ಉಗಿದಹಾಗೆ ಕೇಳಿದಳು.

ನೆಲದ ಮೇಲೆ ಕೂರಬೇಡ ಅಂದರೆ ಮಾತ್ರ ಅವ್ವ ಕೇಳುತ್ತಿರಲಿಲ್ಲ. ಎಲ್ಲ ಅಪ್ಪಣೆಗೂ ತಲೆಬಾಗುವವಳು ಅದೊಂದಕ್ಕೆ ಬಾಗಲಿಲ್ಲ. ಅಂಥ ಅಪ್ಪಣೆ ಅಮ್ಮಾವ್ರು ಎಂದಾದರೂ ಕೊಟ್ಟಿದ್ದರಲ್ಲವೇ ಅದು ಗುರುತು ಸಿಗುವುದು?

ಒಂದು ಮಧ್ಯಾಹ್ನ ಮಗಳಿಗೆ ಹೊಸದೊಂದು ಯೋಚನೆ ಹೊಳೆಯಿತು. ಅಮ್ಮಾವ್ರು ಏನೇನು ಕೊಡಲಿಲ್ಲವೋ ಅದನ್ನು ಈಗ ತಾನು ಕೊಡಬಹುದಲ್ಲ? ಕುರ್ಚಿಯಲ್ಲಿ ನೆಟ್ಟಗೆ ಕೂತು ಕರೆದಳು: "ಇಲ್ಲಿ ಬಾ."

ಅವ್ವ ಬಂದು ನಿಂತಳು.

"ಇವತ್ತಿಗೆ ಕೆಲಸ ಸಾಕು. ಮನೆಗೆ ಹೋಗು. ಮಗಳಿಗೆ ಜ್ವರ ಅಂದ್ಯಲ್ಲ, ಅವಳನ್ನ ಕರ್ಕೊಂಡು ಹೋಗು."

ಅವ್ವನಿಗೆ ನಂಬಿಕೆ ಬರಲಿಲ್ಲ. "ನಿಜವಾಗ್ಲೂನಾ ಅಮ್ಮಾವ್ರೇ? ಪಾತ್ರೆ?"

"ನಾನೇ ತೊಳ್ಕೋತೀನಿ."

"ನೀವಾ!" ಅಂದಳು ಅವ್ವ. ನಕ್ಕಳು. ಈ ಸಲದ್ದು ನಿಜವಾದ ನಗು, ಹುಡುಗಿಯ ನಗು. ಕೈ ತೊಳೆದುಕೊಂಡಳು, ಕೂದಲು ಸರಿಮಾಡಿಕೊಂಡಳು, ಅಡುಗೆಕೋಣೆಯ ಕಡೆಗೆ, ಗೋಡೆ ಹಿಡಿದುಕೊಂಡು, ನೋವಿನ ಮಂಡಿಯಲ್ಲೇ ಓಡುವವಳ ಹಾಗೆ ಹೋದಳು. "ಗುಬ್ಬೀ" ಅಂತ ಕೂಗಿದಳು. "ಗುಬ್ಬೀ, ಎದ್ದೇಳೇ, ಮನೆಗೆ ಹೋಗೋಣ."

ಮಗಳು ಕುರ್ಚಿಯಿಂದ ಹಾರಿ, ಬರಿಗಾಲಲ್ಲಿ ಮುಂದಿನ ಬಾಗಿಲಿನಿಂದ ಹೊರಬಿದ್ದು, ಪಕ್ಕದ ಸಂದಿಯಲ್ಲಿ ಕೊಡ ಬಕೆಟ್ಟುಗಳನ್ನು ಎಡವಿಕೊಂಡು ಓಡಿದಳು. ಹಿಂದಿನ ಬಾಗಿಲಿನ ಅಗುಳಿ ತೆಗೆಯಲು ಅವ್ವನಿಗೆ ಹೊತ್ತು ಹಿಡಿಯುತ್ತದೆ ಅಂತ ಗೊತ್ತಿತ್ತು. ಹಿತ್ತಲ ಬಾಗಿಲಿನ ಮೆಟ್ಟಿಲ ಮೇಲೆ ಹೋಗಿ ಕೂತಳು, ಮೊಣಕಾಲು ತಬ್ಬಿಕೊಂಡು, ಆದಷ್ಟು ಚಿಕ್ಕದಾಗಿ.

ಬಾಗಿಲು ತೆರೆಯಿತು.

"ಅಯ್ಯೋ, ಅಮ್ಮಾವ್ರೇ, ನೀವ್ಯಾಕೆ ಇಲ್ಲಿ ಕೂತ್ರಿ? ಏಳಿ, ಬಟ್ಟೆ ಕೊಳೆಯಾಗತ್ತೆ."

"ಅವ್ವಾ. ನಾನು ಕಣವ್ವ. ಬಾ, ಹೋಗೋಣ."

ಅವ್ವ ಅವಳ ತಲೆಯ ಮೇಲಿಂದ ಆಚೆಗೆ ನೋಡಿದಳು. ಸಂದಿಯ ಆ ತುದಿ, ಈ ತುದಿ. ಹಿತ್ತಲ ಕಲ್ಲಿನ ಹಿಂದೆ ಬಗ್ಗಿ ನೋಡಿದಳು. "ಇಲ್ಲೇ ಕೂರಿಸಿದ್ದೆ. ಜ್ವರ ಬೇರೆ. ಹೇಳದೆ ಎದ್ದು ಹೋಗೋ ಮಗು ಅಲ್ಲ ಅದು." ಆಮೇಲೆ ಅವಳ ಕಣ್ಣು ನಿಧಾನವಾಗಿ ಮೆಟ್ಟಿಲ ಮೇಲೆ ಕೂತವಳ ಮೇಲೆ ಬಂದು ನಿಂತವು. ಅಂಥ ನೋಟವನ್ನು ಕಂಡಕ್ಟರಮ್ಮ ಅವ್ವನ ಮುಖದಲ್ಲಿ ಎಂದೂ ಕಂಡಿರಲಿಲ್ಲ. ಕಾಣಬೇಕೆಂದು ಬದುಕೆಲ್ಲ ಆಸೆಪಟ್ಟಿದ್ದಳು.

"ನೀವೇನಾದ್ರೂ ಅಂದ್ರಾ ಅವಳಿಗೆ?"

"ಇಲ್ಲ ಅವ್ವಾ..."

"ನನಗೆ ಏನು ಬೇಕಾದ್ರೂ ಅನ್ನಿ. ಇಷ್ಟು ವರ್ಷ ಅಂದಿದ್ದೀರಿ, ತುಟಿ ಬಿಚ್ಚಿಲ್ಲ ನಾನು." ಮುದುಕಿಯ ದನಿ ನಡುಗುತ್ತಿತ್ತು, ಆದರೆ ಕೆಳಗಿಳಿಯಲಿಲ್ಲ. "ನನ್ನ ಮಗಳಿಗೆ ಏನಂದ್ರಿ? ಹೇಳಿ. ಎಲ್ಲಿಗೆ ಅಟ್ಟಿದ್ರಿ ಅವಳನ್ನ?"

ಅವ್ವ ಉತ್ತರಕ್ಕೆ ಕಾಯಲಿಲ್ಲ. ಮೆಟ್ಟಿಲಿಳಿದು, ಒಂದು ಕೈಯಿಂದ ಗೋಡೆ ಸವರಿಕೊಳ್ಳುತ್ತ, ಸಂದಿಯಲ್ಲಿ ನಡೆದಳು. "ಗುಬ್ಬೀ... ಗುಬ್ಬೀ..." ಬೀದಿಗೆ ಬಂದಳು. ಬಿಸಿಲಿಗೆ ಕಣ್ಣಿನ ಮೇಲೆ ಕೈ ಅಡ್ಡ ಹಿಡಿದು, ಒಂದೊಂದು ಮನೆಯ ಜಗಲಿಯನ್ನೂ ನೋಡುತ್ತ, ಆಡುತ್ತಿದ್ದ ಮಕ್ಕಳ ಮುಖವನ್ನೆಲ್ಲ ನೋಡುತ್ತ ಹೋದಳು.

ಮಗಳು ಎದ್ದು, ಅವಳು ಬಿದ್ದರೆ ಹಿಡಿಯುವಷ್ಟು ಹತ್ತಿರದಲ್ಲಿ, ಹಿಂದೆ ಹಿಂದೆ ಬರಿಗಾಲಲ್ಲಿ ನಡೆದಳು. ಅವ್ವ ಕೂಗಿದಾಗಲೆಲ್ಲ, "ಬಂದೆ ಅವ್ವಾ," ಅನ್ನುತ್ತಿದ್ದಳು, "ಬಂದೆ." ಅವ್ವ ತಿರುಗಿ ನೋಡದೆ, ಮುಂದಿನ ತಿರುವಿನ ಕಡೆಗೆ ಬೇಗ ಬೇಗ ಹೆಜ್ಜೆ ಹಾಕಿದಳು.